ಮನೆ ಇಲ್ಲದ ಹುಡುಗ ಹುಡುಗಿಯರಿಗಾಗಿ ಪೇಪರ್ ಜಾಹೀರಾತು ಮಾಡುತ್ತಿದ್ದೇನೆ, ನೋಡಿ ಹೇಳಿ (ಮೈಸೂರು)

ಬಣ್ಣದ ಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಡಿಸೈನ್ ಕೆಲಸ ಮಾಡುತ್ತೇನೆ. ಮದುವೆ ಕಾರ್ಡು, ಹೋಟೆಲ್ ಮೆನು, ಅಂಗಡಿ ಬೋರ್ಡು, ದಿನಾ ಇದೇ. ಈಗ ಒಂದು ಸಣ್ಣ ಸಂಸ್ಥೆಯವರು ಜಾಹೀರಾತು ಮಾಡಿಕೊಡಿ ಅಂತ ಕೇಳಿದ್ದಾರೆ. 18ರಿಂದ 23 ವರ್ಷದ ಒಳಗಿನ, ಇರಲು ಜಾಗ ಇಲ್ಲದ ಹುಡುಗ ಹುಡುಗಿಯರನ್ನು ಕೆಲವು ತಿಂಗಳು ಇಟ್ಟುಕೊಂಡು, ಕೆಲಸಕ್ಕೆ ಸೇರಿಸಿ, ಆಮೇಲೆ ಒಂದು ಬಾಡಿಗೆ ರೂಮು ನೋಡಿಕೊಡುತ್ತಾರೆ. ನಾನು ಸಂಬಳ ತೆಗೆದುಕೊಳ್ಳುತ್ತಿಲ್ಲ. ಅಚ್ಚು, ಪೇಪರ್‌ನಲ್ಲಿ ಜಾಗ, ಹಂಚೋದು ಎಲ್ಲಾ ಸೇರಿ 60 ಸಾವಿರ ರೂಪಾಯಿ ಇದೆ, ಅಷ್ಟೇ.

ಪೇಪರ್‌ಗೇ ಯಾಕೆ ಅಂತ ಕೇಳಬಹುದು. ಇವರಿಗೆ ದುಡ್ಡು ಕೊಡುವವರು ಹೆಚ್ಚಿನವರು ರಿಟೈರ್ ಆದವರು. ಬೆಳಿಗ್ಗೆ ಕಾಫಿ ಜೊತೆ ಪೇಪರನ್ನು ತಲೆಯಿಂದ ಬಾಲದವರೆಗೆ ಓದುವವರು. ಫೇಸ್‌ಬುಕ್‌ನಲ್ಲಿ ಹಾಕಿದಾಗ ಲೈಕ್ ಬಂತು, ರೂಮು ಬರಲಿಲ್ಲ.

ಒಂದು ಡಿಸೈನ್ ಮಾಡಿದ್ದೇನೆ. ಪೂರ್ತಿ ಕಪ್ಪು ಹಿನ್ನೆಲೆ. ರೈಲ್ವೆ ಸ್ಟೇಷನ್ ಪ್ಲಾಟ್‌ಫಾರಂ ಮೇಲೆ ಮುದುಡಿ ಮಲಗಿದ ಹುಡುಗ, ಕೆಳಗೆ ಹಾಸಿಗೆ ಬದಲು ನ್ಯೂಸ್‌ಪೇಪರ್. ಮೇಲೆ ಬಿಳಿ ಅಕ್ಷರದಲ್ಲಿ: ‘ಅರಮನೆಯ ಊರಲ್ಲಿ ಇವನಿಗೆ ಮನೆ ಇಲ್ಲ’. ಸಂಸ್ಥೆಯವರು ಚೆನ್ನಾಗಿದೆ ಅಂದರು. ನನಗೆ ಮೂರು ದಿನದಿಂದ ಮನಸ್ಸು ಒಪ್ಪುತ್ತಿಲ್ಲ. ಏನು ತಪ್ಪಿದೆ ಅಂತ ನೇರವಾಗಿ ಹೇಳಿ.

ನಂಜುಮಳಿಗೆ ಓದುಗ:
ಚೆನ್ನಾಗಿದೆ ಸರ್. ಮನಸ್ಸಿಗೆ ತಟ್ಟುತ್ತದೆ. ಹುಡುಗನ ಮುಖ ಇನ್ನೂ ಸ್ವಲ್ಪ ಕಾಣುವಂತೆ ಮಾಡಿ. ಕಣ್ಣು ನೋಡಿದರೆ ಜನ ಕೊಡುತ್ತಾರೆ.

ಹಳೆ ಕಾಪಿರೈಟರ್:
ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಜಾಹೀರಾತು ಏಜೆನ್ಸಿಯಲ್ಲಿದ್ದೆ, ಈಗ ಕುವೆಂಪುನಗರದಲ್ಲಿದ್ದೇನೆ. ಅರಮನೆ–ಮನೆ ಪ್ರಾಸ ಮೈಸೂರಿನವರಿಗೆಲ್ಲ ಮೊದಲ ಐದು ನಿಮಿಷದಲ್ಲೇ ಹೊಳೆಯುತ್ತದೆ. ಓದುವವನಿಗೂ ಅದು ಮೊದಲೇ ಗೊತ್ತಿರುತ್ತದೆ, ಹಾಗಾಗಿ ಕಣ್ಣು ಅಲ್ಲಿ ನಿಲ್ಲುವುದಿಲ್ಲ. ಮತ್ತೆ ಇದನ್ನು ನೋಡಿ ಓದುಗ ಏನು ಮಾಡಬೇಕು? ಅಯ್ಯೋ ಪಾಪ ಅಂತಾನೆ, ಪುಟ ತಿರುಗಿಸುತ್ತಾನೆ. ನಿಮಗೆ ಬೇಕಿರುವುದು ಪಾಪ ಅಲ್ಲ, ರೂಮು, ಅಲ್ವಾ?

ರಾತ್ರಿ ಬಸ್:
ಇಲ್ಲಿ ನಾನು ಸುಮ್ನೆ ಓದುತ್ತಿರುತ್ತೇನೆ, ಬರೆಯುವುದಿಲ್ಲ. ಇವತ್ತು ಬರೆಯಬೇಕು ಅನ್ನಿಸಿತು.

ನಾನು ಬಾಲಮಂದಿರದಲ್ಲಿ ಬೆಳೆದವನು. 18 ತುಂಬಿದ ಮೇಲೆ ಹೊರಗೆ ಬಂದೆ. ಸುಮಾರು ಏಳು ತಿಂಗಳು ನನಗೆ ಮನೆ ಇರಲಿಲ್ಲ. ಆದರೆ ಆ ಏಳು ತಿಂಗಳಲ್ಲಿ ಪ್ಲಾಟ್‌ಫಾರಂ ಮೇಲೆ ಮಲಗಿದ್ದು ನಾಲ್ಕೋ ಐದೋ ರಾತ್ರಿ ಅಷ್ಟೇ. ಹೆಚ್ಚು ದಿನ ಮಲಗಿದ್ದು ಕೆಲಸ ಮಾಡುತ್ತಿದ್ದ ಹೋಟೆಲ್‌ನ ಮೇಲೆ, ಈರುಳ್ಳಿ ಮೂಟೆ ಪಕ್ಕ. ಆಮೇಲೆ ಒಂದು ಕಲ್ಯಾಣ ಮಂಟಪದ ಸ್ಟೋರ್ ರೂಮು. ಆಮೇಲೆ ಸ್ನೇಹಿತನ ಪಿಜಿ, ಅಲ್ಲಿ ರಾತ್ರಿ ಹನ್ನೊಂದಕ್ಕೆ ಕಳ್ಳನ ಹಾಗೆ ಒಳಗೆ ಹೋಗಿ ಬೆಳಿಗ್ಗೆ ಐದಕ್ಕೆ ಎದ್ದು ಬರಬೇಕಿತ್ತು. ಕೆಲಸ ಇಲ್ಲದ ದಿನ ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗಿ, ಬೆಳಗಿನ ಬಸ್ಸಲ್ಲಿ ವಾಪಸ್ ಬರುತ್ತಿದ್ದೆ. ಸೀಟಿನಲ್ಲಿ ನಿದ್ದೆ ಬರುತ್ತೆ, ಯಾರೂ ಎಬ್ಬಿಸುವುದಿಲ್ಲ.

ನನ್ನನ್ನು ನೋಡಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಶರ್ಟ್ ಇಸ್ತ್ರಿ ಮಾಡಿಸುತ್ತಿದ್ದೆ, ಯಾಕಂದರೆ ಗೊತ್ತಾದರೆ ಕೆಲಸ ಹೋಗುತ್ತದೆ ಅನ್ನುವ ಭಯ. ನೀವು ಈ ಚಿತ್ರ ಹಾಕಿದರೆ ಈಗ ಅದೇ ಸ್ಥಿತಿಯಲ್ಲಿರುವ ಹುಡುಗ ನೋಡಿ, ‘ಇದು ನಾನಲ್ಲ’ ಅಂತ ಮುಂದೆ ಹೋಗುತ್ತಾನೆ. ಮನೆ ಬಾಡಿಗೆ ಕೊಡುವವರು ನೋಡಿ ‘ಇಂಥವನಿಗೆ ಹೇಗಪ್ಪ ರೂಮು ಕೊಡೋದು’ ಅಂತಾರೆ.

ಬಣ್ಣದ ಪೆಟ್ಟಿಗೆ:
ಅಣ್ಣಾ, ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಏನು ತಪ್ಪಿದೆ ಅಂತ ಈಗ ಅರ್ಥವಾಯಿತು. ಆ ಚಿತ್ರ ತೆಗೆದೆ. ಒಂದು ಕೇಳಲಾ? ಆಗ ನಿಮ್ಮ ಹತ್ತಿರ ಏನೇನು ಇರುತ್ತಿತ್ತು? ಹೇಳಲು ಇಷ್ಟ ಇಲ್ಲದಿದ್ದರೆ ಬೇಡ.

ರಾತ್ರಿ ಬಸ್:
ಹೇಳುತ್ತೇನೆ. ಬಟ್ಟೆ ಅಂಗಡಿಯ ಒಂದು ದಪ್ಪ ಪ್ಲಾಸ್ಟಿಕ್ ಕವರ್ ಇತ್ತು. ಅದರೊಳಗೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡು, ಟಿಸಿ, ಬಾಲಮಂದಿರದ ಅಡ್ರೆಸ್ ಇರುವ ಆಧಾರ್. ನಾಲ್ಕು ಮಡಿಕೆ ಮಾಡಿ ರಬ್ಬರ್ ಬ್ಯಾಂಡ್ ಹಾಕಿ ಶರ್ಟಿನ ಒಳಗೆ ಹೊಟ್ಟೆಗೆ ಅಂಟಿಸಿಕೊಂಡೇ ಮಲಗುತ್ತಿದ್ದೆ. ಬೇಸಿಗೆಯಲ್ಲಿ ಬೆವರಿಗೆ ಕವರ್ ಮೈಗೆ ಅಂಟುತ್ತಿತ್ತು, ಬೆಳಿಗ್ಗೆ ಬಿಡಿಸುವಾಗ ಚರ್ ಅಂತ ಸದ್ದು. ಮಾರ್ಕ್ಸ್ ಕಾರ್ಡಿನ ಮಡಿಕೆ ಇದ್ದ ಕಡೆ ಅಕ್ಷರ ಅಳಿಸಿಹೋಗಿ, ಕನ್ನಡದ ಅಂಕ 108 ಅನ್ನೋದು 10 ಅಂತ ಕಾಣುತ್ತಿತ್ತು. ಇನ್ನೊಂದು ಜೇಬಿನಲ್ಲಿ ಚಾರ್ಜರ್. ಹಸಿವಿಗಿಂತ ಚಾರ್ಜ್ ಚಿಂತೆ ಜಾಸ್ತಿ. ಫೋನ್ ಆಫ್ ಆದರೆ ನಾಳೆ ಕೆಲಸಕ್ಕೆ ಕರೆಯುವವರಿಗೆ ನಾನು ಸಿಗುವುದಿಲ್ಲ.

ಹಳೆ ಕಾಪಿರೈಟರ್:
ಇದೇ ಜಾಹೀರಾತು. ಆ ಕವರ್. ಮುಖ ಬೇಡ.

ಪ್ರೆಸ್ ಕೆಲಸ:
ಮುಖ ಬೇಡ ಅನ್ನುವುದಕ್ಕೆ ಕಾನೂನಿನ ಕಾರಣವೂ ಇದೆ. ನಂಜುಮಳಿಗೆಯವರೇ, ಕಣ್ಣು ತೋರಿಸಿ ಅಂದಿರಲ್ಲ, 18ರ ಒಳಗಿನ ಮಗು ಆಗಿದ್ದರೆ ಅದು ಅಪರಾಧ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ರಕ್ಷಣೆ ಬೇಕಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೋ, ಗುರುತು ಸಿಗುವ ಯಾವುದನ್ನೂ ಪತ್ರಿಕೆಯಲ್ಲಿ ಹಾಕುವಂತಿಲ್ಲ. ಆರು ತಿಂಗಳವರೆಗೆ ಜೈಲು ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಕಣ್ಣಿಗೆ ಕಪ್ಪು ಪಟ್ಟಿ ಎಳೆದರೆ ಸಾಕು ಅಂತ ಪ್ರೆಸ್‌ಗೆ ಬರುವವರು ಹೇಳುತ್ತಾರೆ. ಸಾಲುವುದಿಲ್ಲ. ಊರಿನವರಿಗೆ ಶರ್ಟ್ ನೋಡಿದರೆ ಗೊತ್ತಾಗುತ್ತದೆ.

18 ದಾಟಿದವರು ಒಪ್ಪಿ ಸಹಿ ಹಾಕಿದರೆ ಹಾಕಬಹುದು. ಆದರೂ ನಾನು ಬೇಡ ಅನ್ನುತ್ತೇನೆ. ಪೇಪರ್ ಒಮ್ಮೆ ಅಚ್ಚಾದರೆ ವಾಪಸ್ ತೆಗೆಯೋಕಾಗಲ್ಲ. ನಾಳೆ ಅದು ಬೋಂಡಾ ಕಟ್ಟಲು ಹೋಗುತ್ತದೆ.

ರಾತ್ರಿ ಬಸ್:
ಪ್ರೆಸ್‌ನವರ ಮಾತು ನಿಜ ಸರ್. ನನ್ನದೊಂದು ಫೋಟೋ ಹಾಗೆ ಒಂದು ಕಡೆ ಕರಪತ್ರದಲ್ಲಿ ಬಂತು. ಆಗ ನಗುತ್ತಾ ಸಹಿ ಹಾಕಿದ್ದೆ. ನಾಲ್ಕು ವರ್ಷದ ನಂತರ, ಕೆಲಸ ಮಾಡುವ ಕಡೆ ಒಬ್ಬರು ಅದನ್ನು ತಂದು ಎಲ್ಲರ ಮುಂದೆ ‘ಇದು ನೀನೇ ಅಲ್ವಾ’ ಅಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ಅವತ್ತು ಊಟ ಸೇರಲಿಲ್ಲ.

ಮಂಡ್ಯದವಳು:
ಎಲ್ಲರೂ ಹುಡುಗ ಹುಡುಗ ಅಂತಲೇ ಬರೆಯುತ್ತಿದ್ದೀರಿ. ಹುಡುಗಿಯರ ಬಗ್ಗೆ ಒಂದು ಮಾತು. ನಾನು ಮಂಡ್ಯದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ಕೆಲಸ ಮಾಡುತ್ತೇನೆ. ಹುಡುಗಿಗೆ ಬಸ್ ಸ್ಟ್ಯಾಂಡಲ್ಲಿ ಒಂದು ರಾತ್ರಿ ಕಳೆಯುವುದೂ ಆಗುವುದಿಲ್ಲ. ಹಾಗಾಗಿ ಅವಳು ಬೀದಿಯಲ್ಲಿ ಕಾಣುವುದೇ ಇಲ್ಲ. ಇಷ್ಟ ಇಲ್ಲದ ಮನೆಯಲ್ಲಿ, ಬೇಡದವರ ಹಂಗಿನಲ್ಲಿ ಇರುತ್ತಾಳೆ. ಕೆಲಸ ಇದ್ದು ದುಡ್ಡು ಕೊಡುತ್ತೇನೆ ಅಂದರೂ ಹಾಸ್ಟೆಲ್‌ನವರು ಮೊದಲು ಕೇಳುವುದು ‘ಗಾರ್ಡಿಯನ್ ಸಹಿ ಎಲ್ಲಿ’ ಅಂತ. ಫಾರಂನಲ್ಲಿ ಆ ಒಂದು ಗೆರೆ ಖಾಲಿ ಇದ್ದಿದ್ದಕ್ಕೆ ವಾಪಸ್ ಹೋದವರನ್ನು ನಾನೇ ನೋಡಿದ್ದೇನೆ. ಆ ಫಾರಂ ಪಡೆದು ವಾಪಸ್ ಕೊಟ್ಟ ಕೈ ನನ್ನದೇ. ಇವತ್ತಿಗೂ ಬೇಜಾರಾಗುತ್ತದೆ.

ಇನ್ನೊಂದು, ನಮ್ಮ ಕಡೆ ಆಲೆಮನೆಗಳಲ್ಲಿ ಎಷ್ಟೋ ಹುಡುಗರು ಕೆಲಸ ಮಾಡುವ ಜಾಗದಲ್ಲೇ ಮಲಗುತ್ತಾರೆ. ಕಬ್ಬು ಅರೆಯುವುದು ನಿಂತರೆ ಕೆಲಸವೂ ಹೋಯಿತು, ಮಲಗುವ ಜಾಗವೂ ಹೋಯಿತು. ಆಲೆಮನೆಯಲ್ಲಿ ಮನೆ ಇರುವುದು ಹೆಸರಲ್ಲಿ ಮಾತ್ರ.

ಬಣ್ಣದ ಪೆಟ್ಟಿಗೆ:
ಅಕ್ಕ, ಆ ಕೊನೆ ಸಾಲನ್ನು ಮಂಡ್ಯದ ಕರಪತ್ರಕ್ಕೆ ಬಳಸಿಕೊಳ್ಳಲಾ?

ಮಂಡ್ಯದವಳು:
ಬಳಸಿಕೊಳ್ಳಪ್ಪ. ಆದರೆ ಆಲೆಮನೆ ಮಾಲೀಕರನ್ನು ಬೈದ ಹಾಗೆ ಇರಬಾರದು. ಎಷ್ಟೋ ಜನ ಪಾಪ ಊಟ ಹಾಕಿ ಇಟ್ಟುಕೊಂಡಿರುತ್ತಾರೆ. ಕರಪತ್ರ ಅವರ ಕೈಗೇ ಹೋಗಬೇಕು, ಸೀಸನ್ ಮುಗಿದಾಗ ಈ ನಂಬರ್‌ಗೆ ಫೋನ್ ಮಾಡಿ ಅಂತ.

ಬಣ್ಣದ ಪೆಟ್ಟಿಗೆ:
ಎರಡನೇ ಸಲ ಕೂತು ಮಾಡಿದೆ. ನಮ್ಮ ಕಡೆ ಹೊಸಬರನ್ನು ನೋಡಿದರೆ ಎಲ್ಲರೂ ಮೊದಲು ಕೇಳುವುದು ಏನು? ಯಾವೂರು, ಮನೆ ಎಲ್ಲಿ. ಕೆಲಸ ಕೊಡುವವರು, ರೂಮು ಕೊಡುವವರು, ಬ್ಯಾಂಕಿನವರು, ಹಾಸ್ಟೆಲ್‌ನವರು, ಎಲ್ಲರೂ ಅದನ್ನೇ ಕೇಳುತ್ತಾರೆ. ಹಾಗಾಗಿ ದೊಡ್ಡ ಅಕ್ಷರದಲ್ಲಿ ‘ಮನೆ ಎಲ್ಲಪ್ಪ?’ ಅಂತ ಇಟ್ಟು, ಕೆಳಗೆ ಆ ಪ್ಲಾಸ್ಟಿಕ್ ಕವರ್‌ನ ಫೋಟೋ, ನಿಜವಾದ ಅಳತೆಯಲ್ಲೇ. ಕವರ್ ನಾವೇ ಸಿದ್ಧ ಮಾಡಿದ್ದು, ಅದರಲ್ಲಿ ಯಾರ ದಾಖಲೆಯೂ ಇಲ್ಲ.

ನಂಜುಮಳಿಗೆ ಓದುಗ:
ಕವರ್ ಚೆನ್ನಾಗಿದೆ. ನನ್ನ ಹಿಂದಿನ ಮಾತು ವಾಪಸ್ ತೆಗೆದುಕೊಂಡೆ. ಆದರೆ ‘ಮನೆ ಎಲ್ಲಪ್ಪ’ ಅನ್ನೋದನ್ನು ನಾನು ಮೊದಲು ಒಬ್ಬರ ಹೆಸರು ಅಂತ ಓದಿದೆ. ಯಲ್ಲಪ್ಪ ಅನ್ನೋದನ್ನು ಹಾಗೂ ಬರೆಯುತ್ತಾರಲ್ಲ.

ಮಂಡ್ಯದವಳು:
ಮತ್ತೆ ಹುಡುಗಿ ಬಿಟ್ಟುಹೋದಳು. ‘ಅಪ್ಪ’ ತೆಗೆಯಿರಿ. ‘ಮನೆ ಎಲ್ಲಿ?’ ಅಂದರೆ ಸಾಕು.

ಹಳೆ ಕಾಪಿರೈಟರ್:
‘ಮನೆ ಎಲ್ಲಿ?’ ಒಳ್ಳೆಯದು. ಆದರೆ 60 ಸಾವಿರದಲ್ಲಿ ಒಂದು ಕಾಲು ಪುಟವನ್ನು ಒಂದೇ ದಿನ ಹಾಕಿ ಮುಗಿಸಬೇಡಿ. ಆ ದಿನ ಏನಾದರೂ ದೊಡ್ಡ ಸುದ್ದಿ ಬಂದರೆ ನಿಮ್ಮ ದುಡ್ಡು ಹೋದಂತೆ.

ಲಂಡನ್ನಿನಲ್ಲಿ ಸೆಂಟರ್‌ಪಾಯಿಂಟ್ ಅಂತ ಒಂದು ಸಂಸ್ಥೆ ಇದೆ. 1969ರಲ್ಲಿ ಸೋಹೋ ಅನ್ನುವ ಕಡೆ ಒಂದು ಚರ್ಚಿನ ಜಾಗದಲ್ಲಿ ಶುರುವಾಯಿತು. ಈಗ 16ರಿಂದ 25 ವರ್ಷದವರಿಗಾಗಿ ಕೆಲಸ ಮಾಡುತ್ತದೆ. ಅದು ಶುರುವಾದಾಗ ಅಲ್ಲೇ ಹತ್ತಿರದಲ್ಲಿ ಸೆಂಟರ್ ಪಾಯಿಂಟ್ ಅಂತಲೇ ಹೆಸರಿನ ದೊಡ್ಡ ಕಟ್ಟಡ ಕಟ್ಟಿ ವರ್ಷಗಟ್ಟಲೆ ಖಾಲಿ ಬಿಟ್ಟಿದ್ದರು. ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮದೇ ಬಡಾವಣೆ. ನಮ್ಮ ಬೀದಿಯಲ್ಲೇ ಮೂರು ಮನೆಯಲ್ಲಿ ಮಹಡಿಗೆ ಬೀಗ. ಮಕ್ಕಳು ಅಮೆರಿಕದಲ್ಲಿ, ಕೆಳಗೆ ಅಪ್ಪ ಅಮ್ಮ ಇಬ್ಬರೇ. ಗೇಟಿಗೆ ಟು ಲೆಟ್ ಬೋರ್ಡು, ‘ಫ್ಯಾಮಿಲಿಗೆ ಮಾತ್ರ’. ನಿಮ್ಮ ಓದುಗ ಅವರೇ. ಅವರು ಪೇಪರ್‌ನಲ್ಲಿ ಬಿಡದೆ ಓದುವುದು ಬಾಡಿಗೆ ಕಾಲಂ. ಪಕ್ಕದ ಬೀದಿಯಲ್ಲಿ ಎಷ್ಟು ಬಾಡಿಗೆ ನಡೆಯುತ್ತಿದೆ ಅಂತ ನೋಡಲಿಕ್ಕಾದರೂ ಓದುತ್ತಾರೆ.

ಅಲ್ಲಿಗೇ ಹೋಗಿ. ವರ್ಗೀಕೃತ ಜಾಹೀರಾತು. ‘ಬಾಡಿಗೆಗೆ ಬೇಕಾಗಿದೆ’ ಕೆಳಗೆ ದಿನಾ ಒಂದು, ಇಪ್ಪತ್ತು ದಿನ. ಹೀಗೆ:

‘ಬಾಡಿಗೆಗೆ ಬೇಕಾಗಿದೆ: ಒಂದು ರೂಮು. ವಯಸ್ಸು 19. ಬೇಕರಿಯಲ್ಲಿ ಬೆಳಿಗ್ಗೆ 5ರಿಂದ ಕೆಲಸ. ರಾತ್ರಿ 9ಕ್ಕೆ ಮಲಗುವ ಅಭ್ಯಾಸ. ಅಪ್ಪ ಅಮ್ಮ ಇಲ್ಲ. ಅಡ್ವಾನ್ಸ್ ಮತ್ತು ಗಾರ್ಡಿಯನ್ ಸಹಿ ನಮ್ಮ ಜವಾಬ್ದಾರಿ.’

ಬಣ್ಣದ ಪೆಟ್ಟಿಗೆ:
ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಟೈಪ್ ಮಾಡಲಾಗಲಿಲ್ಲ ಸರ್. ಸಂಸ್ಥೆಯವರಿಗೆ ಈಗಷ್ಟೇ ಫೋನ್ ಮಾಡಿ ಓದಿ ಹೇಳಿದೆ. ಗಾರ್ಡಿಯನ್ ಸಹಿ ಹಾಕಲು ಒಪ್ಪಿದ್ದಾರೆ. ಮೊದಲೂ ಹಾಕುತ್ತಿದ್ದರಂತೆ, ಎಲ್ಲೂ ಹೇಳಿಕೊಂಡಿರಲಿಲ್ಲ ಅಷ್ಟೇ.

ರಾತ್ರಿ ಬಸ್:
ಒಂದು ಷರತ್ತು. ಕಥೆ ಕಟ್ಟಬೇಡಿ. ನಿಜವಾಗಿ ಆ ವಾರ ರೂಮು ಬೇಕಿರುವವರದ್ದೇ ಹಾಕಿ, ಅವರಿಗೆ ಓದಿ ಹೇಳಿ, ಅವರು ಹೂಂ ಅಂದ ಮೇಲೆ. ಯಾರಾದರೂ ಆಂಟಿ ಫೋನ್ ಮಾಡಿ ‘ಆ ಬೇಕರಿ ಹುಡುಗನಿಗೆ ನಮ್ಮ ಮಹಡಿ ಮೇಲಿನ ರೂಮು ಕೊಡುತ್ತೇನೆ’ ಅಂದರೆ ‘ಅಂಥವರು ಯಾರೂ ಇಲ್ಲ, ಅದು ಸುಮ್ನೆ ಬರೆದಿದ್ದು’ ಅಂತ ಹೇಳೋ ಹಾಗಾಗಬಾರದು. ಒಂದು ಸಲ ಹಾಗಾದರೆ ಆ ಮನೆ ಬಾಗಿಲು ಮತ್ತೆ ಯಾರಿಗೂ ತೆರೆಯುವುದಿಲ್ಲ.

ಮತ್ತೆ ‘ಅಪ್ಪ ಅಮ್ಮ ಇಲ್ಲ’ ತೆಗೆಯಿರಿ. ಕೆಲವರಿಗೆ ಇರುತ್ತಾರೆ, ಇದ್ದೂ ಹೋಗುವ ಹಾಗಿರುವುದಿಲ್ಲ. ಅದನ್ನು ಮೊದಲ ದಿನವೇ ಎಲ್ಲರಿಗೂ ಹೇಳಬೇಕಾಗಿಲ್ಲ.

ಹಳೆ ಕಾಪಿರೈಟರ್:
ತೆಗೆದೆ. ನೀವು ಹೇಳಿದ್ದು ಸರಿ. ಬೇಕರಿ ಯಾವ ಏರಿಯಾ ಅನ್ನುವುದನ್ನೂ ಹಾಕಬೇಡಿ, ಗುರುತು ಸಿಗುತ್ತದೆ.

ಪ್ರೆಸ್ ಕೆಲಸ:
ಈಗ ನನ್ನ ಪಾಲಿನದು. ಡಿಸೈನರ್ ತಮ್ಮ, ಗಮನ ಇಟ್ಟು ಓದಿ, ಇಲ್ಲಿ ತಪ್ಪಿದರೆ ಮೇಲಿನ ಮಾತೆಲ್ಲ ದಂಡ.

ಕವರ್ ಜಾಹೀರಾತನ್ನು ಕೊನೆಯ ಭಾನುವಾರ ಒಂದು ಸಲ ಹಾಕಿ, ಪತ್ರಿಕೆಯಲ್ಲಿ ಕಾಲಂ ಮತ್ತು ಸೆಂಟಿಮೀಟರ್ ಲೆಕ್ಕದಲ್ಲಿ ದರ ಇರುತ್ತದೆ, ಸೇವಾ ಸಂಸ್ಥೆ ಅಂದರೆ ಎಷ್ಟೋ ಕಡೆ ಕಮ್ಮಿ ಮಾಡುತ್ತಾರೆ, ಲೆಟರ್‌ಹೆಡ್‌ನಲ್ಲಿ ಬರೆದುಕೊಂಡು ಹೋಗಿ ಕೇಳಿ. ಕಪ್ಪು ಹಿನ್ನೆಲೆ ಬೇಡವೇ ಬೇಡ. ನ್ಯೂಸ್‌ಪ್ರಿಂಟ್ ಶಾಯಿ ಹೀರುತ್ತದೆ, ಚುಕ್ಕಿ ಅಗಲವಾಗುತ್ತದೆ. ಬಿಳಿ ಅಕ್ಷರವನ್ನು ಕಪ್ಪಿನ ಮೇಲೆ ಬಿಟ್ಟರೆ ಒತ್ತಕ್ಷರ ಎಲ್ಲಾ ತುಂಬಿಹೋಗಿ ‘ಕ್ಕ’ ಯಾವುದು ‘ಕ್ತ’ ಯಾವುದು ಗೊತ್ತಾಗುವುದಿಲ್ಲ. ಇಂಗ್ಲಿಷ್‌ಗೆ ನಡೆಯುವ ಅಳತೆ ಕನ್ನಡಕ್ಕೆ ನಡೆಯುವುದಿಲ್ಲ. ಫೋಟೋದಲ್ಲಿ ಒಂದೊಂದು ಬಣ್ಣಕ್ಕೆ 100ರ ಲೆಕ್ಕದಲ್ಲಿ ನಾಲ್ಕು ಬಣ್ಣ ಸೇರಿ 240 ಪರ್ಸೆಂಟ್ ಶಾಯಿ ದಾಟಬಾರದು, ದಾಟಿದರೆ ಹಿಂದಿನ ಪುಟಕ್ಕೆ ಇಳಿಯುತ್ತದೆ. ಪ್ಲಾಸ್ಟಿಕ್ ಕವರ್‌ನ ಹೊಳಪು ಬೇಕಲ್ಲ? ಅದು ಕಾಗದದ ಬಿಳಿಯಿಂದಲೇ ಬರಬೇಕು, ಹಾಗಾಗಿ ಫೋಟೋ ತಿಳಿಯಾಗಿ ತೆಗೆಯಿರಿ.

ಸಾಲಿನ ಮಧ್ಯೆ ಜಾಗ ಧಾರಾಳವಾಗಿ ಬಿಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ (ಇಕಾರದ ಗುರುತಿಗೆ) ತಾಗಬಾರದು. ಫೈಲ್ ಕೊಡುವಾಗ ಅಕ್ಷರವನ್ನು ಔಟ್‌ಲೈನ್ ಮಾಡಿ, ಅಂದರೆ ಚಿತ್ರದ ಹಾಗೆ ಬದಲಿಸಿ ಕೊಡಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಹಳೆ ಸಾಫ್ಟ್‌ವೇರ್‌ನಲ್ಲಿ ತೆರೆದರೆ ‘ಹಕ್ಕು’ ಅನ್ನೋದು ‘ಹಕ್‌ಕು’ ಅಂತ ಬರುತ್ತದೆ. ಪ್ರೂಫ್ ಅನ್ನು ಕಂಪ್ಯೂಟರಿನಲ್ಲಿ ನೋಡಬೇಡಿ, ಕಾಗದದ ಮೇಲೆ ನೋಡಿ, ಅದೂ ಅರವತ್ತು ದಾಟಿದವರೊಬ್ಬರ ಕೈಗೆ ಕೊಟ್ಟು ಓದಿಸಿ.

ಕ್ಯೂಆರ್ ಕೋಡ್ ಹಾಕುವುದಾದರೆ ಬರೀ ಕಪ್ಪು ಪ್ಲೇಟಿನಲ್ಲಿ ಇರಲಿ. ನಾಲ್ಕು ಬಣ್ಣ ಸೇರಿಸಿದ ಕಪ್ಪು ಸ್ವಲ್ಪ ಸರಿದರೂ ಫೋನ್ ಓದುವುದಿಲ್ಲ. ಎರಡೂವರೆ ಸೆಂಟಿಮೀಟರ್‌ಗಿಂತ ಚಿಕ್ಕದು ಬೇಡ. ಪಕ್ಕದಲ್ಲಿ ಫೋನ್ ನಂಬರ್ ದೊಡ್ಡದಾಗಿ ಇರಲಿ, ನಿಮ್ಮ ಓದುಗರು ಫೋನ್ ಮಾಡಿ ಮಾತಾಡಿಯೇ ಕೊಡುವವರು.

ಬಣ್ಣದ ಪೆಟ್ಟಿಗೆ:
ಎಲ್ಲವನ್ನೂ ಬರೆದುಕೊಂಡೆ ಸರ್. ಹುಡುಗ ಹುಡುಗಿಯರಿಗೆ ತಲುಪುವುದು ಹೇಗೆ ಅನ್ನೋದು ಉಳಿಯಿತು. ಅವರು ಪೇಪರ್ ಓದುವುದಿಲ್ಲ. ಸಬರ್ಬನ್ ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಪೋಸ್ಟರ್ ಅಂಟಿಸೋಣ ಅಂದುಕೊಂಡಿದ್ದೆ.

ಪ್ರೆಸ್ ಕೆಲಸ:
ಅನುಮತಿ ಇಲ್ಲದೆ ಅಂಟಿಸಬೇಡಿ. ತೆರೆದ ಸ್ಥಳಗಳನ್ನು ಅಂದಗೆಡಿಸುವುದನ್ನು ತಡೆಯಲು 1981ರಿಂದಲೇ ರಾಜ್ಯದಲ್ಲಿ ಕಾಯ್ದೆ ಇದೆ. ಫ್ಲೆಕ್ಸ್ ಅಂತೂ 2016ರಲ್ಲೇ ನಿಷೇಧ ಆಗಿದೆ. ಎಲ್ಲರೂ ಹಾಕುತ್ತಾರೆ ನಿಜ, ಆದರೆ ಸೇವಾ ಸಂಸ್ಥೆಯ ಹೆಸರು ಹಾಕಿ ಮಾಡಬಾರದು. ನಿಲ್ದಾಣದ ಅಧಿಕಾರಿಗಳಿಗೆ ಅರ್ಜಿ ಕೊಡಿ.

ರಾತ್ರಿ ಬಸ್:
ಪೋಸ್ಟರ್ ಬೇಡ. ದೊಡ್ಡ ಪೋಸ್ಟರ್ ಮುಂದೆ ನಿಂತು ಓದಿದರೆ ನಾಲ್ಕು ಜನ ನೋಡುತ್ತಾರೆ, ಅಲ್ಲಿಗೆ ಗುಟ್ಟು ಹೋಯಿತು. ಚಿಕ್ಕ ಸ್ಟಿಕ್ಕರ್ ಮಾಡಿ, ಅಂಗೈ ಅಷ್ಟು. ಫೋನ್ ಚಾರ್ಜ್ ಮಾಡುವ ಪಾಯಿಂಟ್ ಪಕ್ಕ ಅಂಟಿಸಿ. ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ದೊಡ್ಡಾಸ್ಪತ್ರೆ ಹೊರಗಿನ ಟೀ ಅಂಗಡಿ. ಅಲ್ಲಿ ಅರ್ಧ ಗಂಟೆ ನಿಲ್ಲಲೇಬೇಕು, ಚಾರ್ಜ್ ಆಗುತ್ತಿದೆ ಅನ್ನೋ ನೆಪ ಇರುತ್ತದೆ, ಯಾರೂ ಅನುಮಾನ ಪಡುವುದಿಲ್ಲ. ನಾನು ಆ ಗೋಡೆ ಮೇಲಿನ ಪೈಲ್ಸ್ ಡಾಕ್ಟರ್ ಜಾಹೀರಾತನ್ನೇ ನೂರು ಸಲ ಓದಿದ್ದೇನೆ.

ಮಂಡ್ಯದವಳು:
ಹುಡುಗಿಯರಿಗೆ ಲೇಡೀಸ್ ಟಾಯ್ಲೆಟ್ ಬಾಗಿಲಿನ ಒಳಗಡೆ. ಅಲ್ಲಿ ಒಬ್ಬರೇ ಇರುತ್ತಾರೆ. ಮತ್ತೆ ಸ್ಟಿಕ್ಕರ್‌ನಲ್ಲಿ 1098 ತಪ್ಪದೆ ಹಾಕಿ. 18ರ ಒಳಗಿನವರಿಗೆ ಅದೇ ಮಕ್ಕಳ ಸಹಾಯವಾಣಿ, ಹಗಲೂ ರಾತ್ರಿ ಇರುತ್ತದೆ, ದುಡ್ಡು ಹಿಡಿಯುವುದಿಲ್ಲ. ಸಿಕ್ಕಿದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕರೆತರಬೇಕು, ನಿಮ್ಮ ಸಂಸ್ಥೆಯವರು ಹಾಗೇ ಇಟ್ಟುಕೊಳ್ಳುವಂತಿಲ್ಲ. 18 ಆದವರಿಗೆ ಮಾತ್ರ ಸಂಸ್ಥೆಯ ನಂಬರ್.

ಹಳೆ ಕಾಪಿರೈಟರ್:
ಬಾಲಮಂದಿರದಿಂದ ಬಂದವರಿಗೆ ಇನ್ನೊಂದು ಸಾಲು ಬೇಕು. ಅದೇ 2015ರ ಕಾಯ್ದೆಯಲ್ಲಿ 18 ದಾಟಿದವರಿಗೆ 21ರವರೆಗೆ ಆಫ್ಟರ್ ಕೇರ್, ಅಂದರೆ ಹೊರಗೆ ಬಂದ ಮೇಲಿನ ಸಹಾಯ, ಅಂತ ಇದೆ. ಎಷ್ಟು ಜನಕ್ಕೆ ಇದು ಗೊತ್ತಿರುತ್ತದೆ?

ರಾತ್ರಿ ಬಸ್:
ನನಗೆ ಗೊತ್ತಿರಲಿಲ್ಲ. 24ನೇ ವಯಸ್ಸಿನಲ್ಲಿ ಗೊತ್ತಾಯಿತು.

ನಂಜುಮಳಿಗೆ ಓದುಗ:
ದಸರಾಕ್ಕೆ ಬಿಡಿ, ಜನ ಜಾಸ್ತಿ ಇರುತ್ತಾರೆ.

ಮಂಡ್ಯದವಳು:
ದಸರಾದಲ್ಲಿ ಪೇಪರ್ ತುಂಬಾ ಸೀರೆ, ಚಿನ್ನದ ಜಾಹೀರಾತು. ಜೂನ್ ಒಳ್ಳೆಯದು. ಪರೀಕ್ಷೆ ಮುಗಿದು, ರಿಸಲ್ಟ್ ಬಂದು, ಹಾಸ್ಟೆಲ್ ಬಿಟ್ಟು ಎಲ್ಲಿಗೆ ಹೋಗೋದು ಅಂತ ನಿಂತಿರುವ ಕಾಲ. ಮಳೆಯೂ ಶುರು.

ಬಣ್ಣದ ಪೆಟ್ಟಿಗೆ:
ಜೂನ್ ಅಂತಲೇ ಆಯಿತು. ಲೆಕ್ಕವನ್ನೂ ಹಾಕಿದೆ, 60 ಸಾವಿರದೊಳಗೆ ಮುಗಿಯುತ್ತದೆ. ಇಪ್ಪತ್ತು ದಿನ ಬಾಡಿಗೆ ಕಾಲಂ, ಕೊನೆಯ ಭಾನುವಾರ ‘ಮನೆ ಎಲ್ಲಿ?’, ಮಂಡ್ಯಕ್ಕೆ ಎರಡು ಸಾವಿರ ಕರಪತ್ರ, ಸ್ಟಿಕ್ಕರ್ ಐನೂರು. ಸ್ಟಿಕ್ಕರ್ ಬರಹ ಇದು:

‘ಇವತ್ತು ರಾತ್ರಿ ಎಲ್ಲಿ ಅಂತ ಯೋಚನೆನಾ? ಫೋನ್ ಮಾಡು. ಯಾಕೆ ಅಂತ ಕೇಳುವುದಿಲ್ಲ. ಊಟ ಇದೆ, ಬೀಗ ಹಾಕುವ ಪೆಟ್ಟಿಗೆ ಇದೆ, ಚಾರ್ಜರ್ ಇದೆ. ಬಾ. 18 ಆಗಿಲ್ಲದಿದ್ದರೆ 1098. ಬಾಲಮಂದಿರದಿಂದ ಬಂದಿದ್ದರೆ 21ರವರೆಗೆ ನಿನಗೆ ಸಹಾಯ ಇದೆ, ಕೇಳು.’

ಹಳೆ ಕಾಪಿರೈಟರ್:
ಬೀಗ ಹಾಕುವ ಪೆಟ್ಟಿಗೆ ಅನ್ನೋದು ತುಂಬಾ ಒಳ್ಳೆಯದು. ಆ ಕವರ್ ಇಟ್ಟುಕೊಳ್ಳಲು.

ರಾತ್ರಿ ಬಸ್:
ಚೆನ್ನಾಗಿದೆ ತಮ್ಮ. ಒಂದೇ ಒಂದು ಬದಲಾವಣೆ. ‘ಮಾಡು’, ‘ಬಾ’ ಬೇಡ. ‘ಮಾಡಿ’, ‘ಬನ್ನಿ’ ಅಂತ ಹಾಕಿ. ಆ ಏಳು ತಿಂಗಳು ನನ್ನನ್ನು ಎಲ್ಲರೂ ‘ಏಯ್’ ಅಂತಲೇ ಕರೆದರು.

ಬಣ್ಣದ ಪೆಟ್ಟಿಗೆ:
ಬದಲಿಸಿದೆ ಅಣ್ಣ. ‘ನಿನಗೆ’, ‘ಕೇಳು’ ಅನ್ನೋದನ್ನೂ ‘ನಿಮಗೆ’, ‘ಕೇಳಿ’ ಮಾಡಿದೆ.

ಪ್ರೆಸ್ ಕೆಲಸ:
ಸ್ಟಿಕ್ಕರ್ ಫೈಲ್ ನನಗೆ ಕಳಿಸಿ. ಪ್ಲೇಟ್ ದುಡ್ಡು ಬೇಡ, ಕಾಗದದ್ದು ಮಾತ್ರ ಕೊಡಿ. ನಾಳೆ ಬೆಳಿಗ್ಗೆ ಹತ್ತರೊಳಗೆ ಬಂದರೆ ಸಂಜೆಗೆ ಪ್ರೂಫ್ ಕೊಡುತ್ತೇನೆ. ರಾತ್ರಿ ಬಸ್ ಅವರೂ ಬರಲಿ, ಮೊದಲು ಅವರೇ ಓದಲಿ.